ಸ್ಕೇಲಿಂಗ್, ರೂಟ್ ಪ್ಲೇನಿಂಗ್‌ಗೆ ಲೂಪ್ಸ್, ಮೈಕ್ರೋಸ್ಕೋಪ್, ಎಂಡೋಸ್ಕೋಪ್: ಬೇರಿನ ಮೇಲೆ ಉಳಿಯುವ ಗಾರೆ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಬೇರುನೋಟ

ವಸಡಿನ ಕೆಳಗೆ ಬೇರಿಗೆ ಅಂಟಿದ ಗಾರೆ (ಹಲ್ಲಿನ ಮೇಲೆ ಗಟ್ಟಿಯಾದ ಕೊಳೆ) ಕೆರೆದು ಬೇರು ಶುಚಿ ಮಾಡುವಾಗ ಮ್ಯಾಗ್ನಿಫಿಕೇಶನ್ ಬಳಸುವುದರ ಬಗ್ಗೆ ಈ ಚರ್ಚೆಯ ಎಳೆ. ರೂಟ್ ಕೆನಾಲ್ ಇಲ್ಲಿ ಬೇಡ, ಅದರ ಲೆಕ್ಕವೇ ಬೇರೆ.

ಸಮಸ್ಯೆ ಇದು. ಕೆಲಸ ಮುಗಿದಾಗ ಎಕ್ಸ್‌ಪ್ಲೋರರ್‌ಗೆ (ತಡವಿ ನೋಡುವ ಸಪೂರ ಕೊಕ್ಕೆ) ಬೇರು ನುಣುಪಾಗಿ ಸಿಗುತ್ತದೆ. 8 ವಾರದ ಮೇಲೆ ಮತ್ತೆ ಪ್ರೋಬ್ (ಆಳ ಅಳೆಯುವ ಕಡ್ಡಿ) ಹಾಕಿದರೆ ಅವೇ ಜಾಗಗಳಲ್ಲಿ 6 ಮಿ.ಮೀ. ಆಳದ ಪಾಕೆಟ್ (ವಸಡು ಮತ್ತು ಬೇರಿನ ನಡುವಿನ ಸಂದಿ), ಜೊತೆಗೆ ರಕ್ತ. ಮೇಲಿನ ಮೊದಲ ಪ್ರೀಮೋಲಾರ್‌ನ ಮೀಸಿಯಲ್ (ಬಾಯಿಯ ಮುಂಭಾಗದತ್ತ) ಬದಿ, ಮೇಲಿನ ಮೋಲಾರ್‌ನ ಡಿಸ್ಟಲ್ (ಹಿಂಭಾಗದತ್ತ) ಬದಿ, ಕೆಳಗಿನ ಮೋಲಾರ್‌ನ ಕವಲು (ಬೇರುಗಳು ಬೇರೆಯಾಗುವ ಜಾಗ). ಉಳಿದ ಕಡೆ ಫಲಿತಾಂಶ ಚೆನ್ನಾಗಿಯೇ ಇದೆ.

2.5 ಪಟ್ಟಿನ ಲೂಪ್ಸ್‌ನಿಂದ (ಹಿಗ್ಗಿಸಿ ತೋರಿಸುವ ಕನ್ನಡಕ) 4 ಅಥವಾ 5 ಪಟ್ಟಿಗೆ ಹೋದರೆ ಈ ಜಾಗಗಳು ಸುಧಾರಿಸುತ್ತವೆಯೇ? ಅಥವಾ ನೇರವಾಗಿ ಮೈಕ್ರೋಸ್ಕೋಪ್ ಕಡೆಗೇ ನೋಡಬೇಕೇ? ಮುಚ್ಚಿದ ಪಾಕೆಟ್‌ನ ಒಳಗೆ ಇವುಗಳಿಂದ ಎಷ್ಟು ಆಳ ಕಾಣುತ್ತದೆ? ಬಳಸಿ ಗೊತ್ತಿರುವವರು ವಿವರವಾಗಿ ಹೇಳಬೇಕು.

ಕ್ಯೂರೆಟ್ ಅಂಚು

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದೆರಡಕ್ಕೂ ಉತ್ತರ ಅದರಲ್ಲೇ ಇದೆ.

ಲೂಪ್ಸ್ ಆಗಲಿ ಮೈಕ್ರೋಸ್ಕೋಪ್ ಆಗಲಿ, ಬೆಳಕು ನೇರವಾಗಿ ಹೋಗಿ ನೇರವಾಗಿ ಮರಳುವ ಜಾಗವನ್ನಷ್ಟೇ ದೊಡ್ಡದಾಗಿ ತೋರಿಸುತ್ತದೆ. ಮುಚ್ಚಿದ 6 ಮಿ.ಮೀ. ಪಾಕೆಟ್‌ನ ತಳಕ್ಕೆ ಬೆಳಕೇ ಇಳಿಯುವುದಿಲ್ಲ. ಎಷ್ಟು ಪಟ್ಟು ಹಿಗ್ಗಿಸಿದರೂ ಅಲ್ಲಿ ಕಾಣುವುದು ವಸಡಿನ ಹೊರಮೈ ಮಾತ್ರ. ಅಂಚಿನಿಂದ ಒಂದೆರಡು ಮಿ.ಮೀ. ಕಂಡೀತು; ವಸಡು ಊದಿ ಸಡಿಲವಾಗಿದ್ದು ಗಾಳಿಗೆ ಬಾಗಿದರೆ ಇನ್ನೊಂದಿಷ್ಟು. ಅದರ ಕೆಳಗೆ ಕೆಲಸ ನಡೆಯುವುದು ಬೆರಳಿನ ಸ್ಪರ್ಶದ ಮೇಲೆಯೇ.

ಸ್ಪರ್ಶ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಹಳೆಯ ಅಂಕಿಗಳು ಇವೆ. 1990ರಲ್ಲಿ ಶರ್ಮನ್ ಮತ್ತು ಸಂಗಡಿಗರು ಬೇರು ಶುಚಿ ಮಾಡಿದ ಹಲ್ಲುಗಳನ್ನು ಕಿತ್ತು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದರು. ಗಾರೆ ಉಳಿದಿದ್ದ ಮೇಲ್ಮೈಗಳಲ್ಲಿ ಶೇ. 77.4ರಷ್ಟನ್ನು ವೈದ್ಯರು ಸ್ಪರ್ಶ ಪರೀಕ್ಷೆಯಲ್ಲಿ 'ಸ್ವಚ್ಛ' ಎಂದು ಗುರುತಿಸಿದ್ದರು. ಇಲ್ಲದ ಗಾರೆಯನ್ನು ಇದೆ ಎಂದದ್ದು ಶೇ. 11.8 ಮಾತ್ರ. ಅಂದರೆ ಎಕ್ಸ್‌ಪ್ಲೋರರ್ 'ಇದೆ' ಎಂದರೆ ಹೆಚ್ಚುಕಡಿಮೆ ನಂಬಬಹುದು, 'ಇಲ್ಲ' ಎಂದರೆ ನಂಬುವ ಹಾಗಿಲ್ಲ. ನಿಮ್ಮ 8 ವಾರದ ರಕ್ತಕ್ಕೆ ಇದು ಒಂದು ಸರಳ ವಿವರಣೆ.

ಇನ್ನೊಂದು 1986ರ ಕಾಫೆಸ್ ತಂಡದ್ದು. 4–6 ಮಿ.ಮೀ. ಪಾಕೆಟ್‌ಗಳಲ್ಲಿ ಮುಚ್ಚಿದ ವಿಧಾನದಿಂದ ಗಾರೆ ಪೂರ್ತಿ ಹೋದದ್ದು ಶೇ. 43 ಮೇಲ್ಮೈಗಳಲ್ಲಿ, ವಸಡು ತೆರೆದು ಮಾಡಿದಾಗ ಶೇ. 76ರಲ್ಲಿ. 6 ಮಿ.ಮೀ. ದಾಟಿದಲ್ಲಿ ಕ್ರಮವಾಗಿ 32 ಮತ್ತು 50. ಆ ಕೊನೆಯ 50ನ್ನು ಗಮನಿಸಿ. ತೆರೆದು, ಕಣ್ಣೆದುರೇ ಇಟ್ಟುಕೊಂಡು ಕೆರೆದರೂ ಅರ್ಧ ಮೇಲ್ಮೈಗಳಲ್ಲಿ ಗಾರೆ ಉಳಿದಿತ್ತು. ಮ್ಯಾಗ್ನಿಫಿಕೇಶನ್‌ಗೆ ನಿಜವಾದ ಕೆಲಸ ಇರುವುದು ಅಲ್ಲಿ: ತೆರೆದ ಬೇರಿನ ಮೇಲೆ.

ಹಾಗಾದರೆ ಮುಚ್ಚಿದ ಪಾಕೆಟ್‌ಗೆ ಲೂಪ್ಸ್ ದಂಡವೇ? ಅಲ್ಲ. ಪಾಕೆಟ್‌ನ ಒಳಗೆ ಕಾಣದಿದ್ದರೂ ಹೊರಗಿರುವ ಟರ್ಮಿನಲ್ ಶ್ಯಾಂಕ್ (ಬ್ಲೇಡ್‌ಗೆ ಸೇರುವ ಕೊನೆಯ ದಂಡ) ಕಾಣುತ್ತದೆ, ಒಳಗಿನ ಬ್ಲೇಡ್ ಹೇಗಿದೆ ಎಂದು ಹೇಳುವುದು ಅದೇ. ಗ್ರೇಸಿ ಎಂಬ ಕ್ಯೂರೆಟ್‌ನ (ಬೇರು ಕೆರೆಯುವ ಕೈ ಉಪಕರಣ) ಟರ್ಮಿನಲ್ ಶ್ಯಾಂಕ್ ಕೆರೆಯುವ ಮೇಲ್ಮೈಗೆ ಸಮಾನಾಂತರವಾಗಿದ್ದರೆ ಬ್ಲೇಡ್ ತಾನಾಗಿ 70 ಡಿಗ್ರಿ ಆಸುಪಾಸಿನಲ್ಲಿ ಕೂರುತ್ತದೆ. ಶ್ಯಾಂಕ್ ಹತ್ತು ಡಿಗ್ರಿ ವಾಲಿದರೆ ಬರಿಗಣ್ಣಿಗೆ ತಪ್ಪಿಹೋಗುತ್ತದೆ, ಹಿಗ್ಗಿಸಿದಾಗ ತಕ್ಷಣ ಗೊತ್ತಾಗುತ್ತದೆ. ಕೋನ 45ಕ್ಕಿಂತ ಕಡಿಮೆಯಾದರೆ ಬ್ಲೇಡ್ ಗಾರೆಯ ಮೇಲೆ ಜಾರಿ ಅದನ್ನು ಉಜ್ಜಿ ನುಣುಪು ಮಾಡುತ್ತದೆ. 90 ದಾಟಿದರೆ ಒಳಗಿನ ವಸಡು ಹರಿಯುತ್ತದೆ. ಇದಲ್ಲದೆ ಅಂಚಿನಲ್ಲಿ ಇಣುಕುವ ಕಪ್ಪು ಗಾರೆ, ಹೊರಚಾಚಿದ ಫಿಲ್ಲಿಂಗ್ ಅಂಚು, ವಸಡಿನ ಮೂಲಕ ನೀಲಿ ನೆರಳಾಗಿ ಕಾಣುವ ನಿಕ್ಷೇಪ ಇವೆಲ್ಲ ಲೂಪ್ಸ್‌ನಲ್ಲಿ ಸಿಗುತ್ತವೆ.

ನೀವು ಹೆಸರಿಸಿದ ಮೂರು ಜಾಗಗಳ ಕಷ್ಟ ಬೇರೆ ಬೇರೆ, ಅದನ್ನು ಆಮೇಲೆ ಬರೆಯುತ್ತೇನೆ.

ಲೆನ್ಸ್ ಲೆಕ್ಕ

ಎಷ್ಟು ಪಟ್ಟು ಎಂಬುದು ಲೂಪ್ಸ್ ಆರಿಸುವಾಗ ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ವರ್ಕಿಂಗ್ ಡಿಸ್ಟೆನ್ಸ್, ಆಮೇಲೆ ಡಿಕ್ಲಿನೇಶನ್ ಕೋನ (ಲೆನ್ಸ್ ಕೆಳಕ್ಕೆ ಬಾಗಿರುವ ಕೋನ), ಆಮೇಲೆ ಬೆಳಕು.

ವರ್ಕಿಂಗ್ ಡಿಸ್ಟೆನ್ಸ್ ಅಳೆಯುವ ಕ್ರಮ: ಬೆನ್ನು ನೆಟ್ಟಗೆ, ಭುಜ ಇಳಿಬಿಟ್ಟು, ಮೊಣಕೈ ಪಕ್ಕೆಗೆ ಹತ್ತಿರ, ಮುಂಗೈ ನೆಲಕ್ಕೆ ಸಮ. ಆ ಎತ್ತರಕ್ಕೆ ರೋಗಿಯ ಬಾಯಿ ತಂದು, ಕಣ್ಣಿನಿಂದ ಹಲ್ಲಿನ ತನಕ ಬೇರೆಯವರಿಂದ ಅಳೆಸಿ. ಸಾಮಾನ್ಯವಾಗಿ 35ರಿಂದ 50 ಸೆಂ.ಮೀ. ನಡುವೆ ಬರುತ್ತದೆ. ಬಗ್ಗಿ ಕೂತ ಭಂಗಿಯಲ್ಲಿ ಅಳೆದುಕೊಟ್ಟರೆ ಆ ಬಗ್ಗಿದ ಭಂಗಿಯೇ ಲೆನ್ಸ್‌ನಲ್ಲಿ ಕಾಯಂ ಆಗುತ್ತದೆ. ನೆಟ್ಟಗೆ ಕೂತ ಕೂಡಲೇ ನೋಟ ಮಸುಕಾಗುತ್ತದೆ, ಕಣ್ಣು ಗೆಲ್ಲುತ್ತದೆ, ಕುತ್ತಿಗೆ ಸೋಲುತ್ತದೆ.

ಡಿಕ್ಲಿನೇಶನ್ ಕೋನ ಸಾಕಷ್ಟು ಕಡಿದಾಗಿರಬೇಕು, ಕುತ್ತಿಗೆ 20 ಡಿಗ್ರಿಗಿಂತ ಹೆಚ್ಚು ಬಾಗಬಾರದು. ಫ್ಲಿಪ್-ಅಪ್ ಮಾದರಿಯಲ್ಲಿ ಈ ಕೋನ ತಿದ್ದಬಹುದು. ಗಾಜಿನೊಳಗೇ ಕೂರಿಸಿದ ಟಿಟಿಎಲ್ ಮಾದರಿಯಲ್ಲಿ ಆಗುವುದಿಲ್ಲ. ಆದರೆ ಅದು ಹಗುರ, ಕಣ್ಣಿಗೆ ಹತ್ತಿರವಿರುವುದರಿಂದ ನೋಟದ ವಿಸ್ತಾರವೂ ಹೆಚ್ಚು. ಪ್ರಿಸಮ್ ಬಳಸಿ ದೃಷ್ಟಿರೇಖೆಯನ್ನೇ ಕೆಳಕ್ಕೆ ತಿರುಗಿಸುವ ಎರ್ಗೋ ಲೂಪ್ಸ್‌ನಲ್ಲಿ ತಲೆ ಬಹುತೇಕ ನೇರವಾಗಿಯೇ ಇರುತ್ತದೆ. ಆದರೆ ನೋಡುವ ದಿಕ್ಕು, ಕೈ ಇರುವ ದಿಕ್ಕು ಬೇರೆಯಾಗುವುದರಿಂದ ರೂಢಿಗೆ ಹೆಚ್ಚು ದಿನ ಬೇಕು.

ಈಗ ಪಟ್ಟು. ಗೆಲಿಲಿಯನ್ ರಚನೆಯಲ್ಲಿ ಒಂದು ಉಬ್ಬು, ಒಂದು ತಗ್ಗು ಲೆನ್ಸ್. ಹಗುರ, ಗಿಡ್ಡ, 2.5ರಿಂದ 3.5 ಪಟ್ಟಿನ ತನಕ ಚೆನ್ನ. ಅದರಾಚೆಗೆ ಅಂಚು ಮಸುಕಾಗಿ ವಿಸ್ತಾರ ಕುಗ್ಗುತ್ತದೆ. ಕೆಪ್ಲರಿಯನ್ ಅಥವಾ ಪ್ರಿಸ್ಮ್ಯಾಟಿಕ್ ರಚನೆಯಲ್ಲಿ ತಲೆಕೆಳಗಾದ ಬಿಂಬವನ್ನು ಪ್ರಿಸಮ್ ನೆಟ್ಟಗೆ ಮಾಡುತ್ತದೆ. 3.5ರ ಮೇಲೆ ಇದೇ ಬೇಕು, ಆದರೆ ಉದ್ದ ಮತ್ತು ಭಾರ. ಪಟ್ಟು ಏರಿದಂತೆ ಮೂರು ಸೌಕರ್ಯ ಒಟ್ಟಿಗೇ ಇಳಿಯುತ್ತವೆ: ವಿಸ್ತಾರ, ಫೋಕಸ್ ಉಳಿಯುವ ಆಳ, ಒಳಗೆ ಬರುವ ಬೆಳಕು. 2.5ರಲ್ಲಿ ಇಡೀ ಬಾಯಿ ಸಿಗುತ್ತದೆ. 3.5ರಲ್ಲಿ ಒಂದು ಕ್ವಾಡ್ರಂಟ್ (ಬಾಯಿಯ ಕಾಲು ಭಾಗ). 5ರಲ್ಲಿ ಕೆಲವೇ ಹಲ್ಲು, ತಲೆ ಒಂದಿಷ್ಟು ಅಲುಗಿದರೂ ಚಿತ್ರ ಹಾರುತ್ತದೆ.

ಸ್ಕೇಲಿಂಗ್‌ನಲ್ಲಿ ಉಪಕರಣ ಸತತ ಜಾಗ ಬದಲಿಸುತ್ತದೆ, ಹಲ್ಲಿನ ಸುತ್ತ ತಿರುಗುತ್ತದೆ. ಹೀಗಾಗಿ ದಿನವಿಡೀ ಹಾಕಿಕೊಳ್ಳಲು 3 ಅಥವಾ 3.5ರ ಆಚೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. 5 ಪಟ್ಟು ಬೇಕೆನಿಸುವ ಕೆಲಸಕ್ಕೆ ಮೈಕ್ರೋಸ್ಕೋಪೇ ಮೇಲು: ಎರಡು ಕಣ್ಣಿನ ರೇಖೆಗಳೂ ಸಮಾನಾಂತರ, ತಲೆಯ ಮೇಲೆ ಭಾರವಿಲ್ಲ.

ಆರ್ಡರ್ ಕೊಡುವ ಮುಂಚೆ ಕಣ್ಣಿನ ಪರೀಕ್ಷೆ ಮಾಡಿಸಿ. ಪವರ್ ಬದಲಾಗುವ ವಯಸ್ಸಿನಲ್ಲಿ ಟಿಟಿಎಲ್ ತೆಗೆದುಕೊಂಡರೆ ಕ್ಯಾರಿಯರ್ ಗಾಜು ಬದಲಾಯಿಸಲು ಇಡೀ ಲೂಪ್ಸ್ ವಾಪಸ್ ಕಳಿಸಬೇಕಾಗುತ್ತದೆ. ಬಂದ ದಿನವೇ ಕಣ್ಣುಗಳ ಅಂತರವನ್ನೂ ಪರೀಕ್ಷಿಸಿ. ಎರಡೂ ಕಣ್ಣು ತೆರೆದಾಗ ಒಂದೇ ದುಂಡು ಚಿತ್ರ ಕಾಣಬೇಕು. ಎರಡು ವೃತ್ತ ಒಂದರ ಮೇಲೊಂದು ಬಿದ್ದಂತಿದ್ದರೆ, ಬದಿಯಲ್ಲಿ ಕಪ್ಪು ಚಂದ್ರಾಕಾರ ಕಂಡರೆ ಅಂತರ ತಪ್ಪಿದೆ. ಅದನ್ನು ಸಹಿಸಿಕೊಂಡು ಕೆಲಸ ಮಾಡಿದರೆ ಸಂಜೆಗೆ ತಲೆನೋವು ಖಂಡಿತ.

ಬೇರುನೋಟ

ಲೆನ್ಸ್ ಲೆಕ್ಕ ಸರ್, ಧನ್ಯವಾದ. ಬೆಳಕಿನ ವಿಷಯ ಬಿಟ್ಟುಹೋಯಿತು. ಹೆಡ್‌ಲೈಟ್ ಹಾಕಿದರೆ ಒದ್ದೆ ಎನಾಮೆಲ್ ಹೊಳೆದು ವಸಡಿನ ಅಂಚೇ ಕಾಣುವುದಿಲ್ಲ. ಅಲ್ಟ್ರಾಸೋನಿಕ್ (ಕಂಪನದಿಂದ ಗಾರೆ ಒಡೆಯುವ ಯಂತ್ರ) ಓಡುವಾಗ ನೀರಿನ ಮಂಜು ಮುಸುಕುತ್ತದೆ.

ಲೆನ್ಸ್ ಲೆಕ್ಕ

ಹೊಳಪಿಗೆ ಮೊದಲ ಮದ್ದು ಬೆಳಕು ಇಳಿಸುವುದು. ತುಂಬಾ ಜನ ಲೈಟನ್ನು ತುತ್ತತುದಿಗೆ ಏರಿಸಿಯೇ ಇಟ್ಟಿರುತ್ತಾರೆ. ಎರಡನೆಯದು ಹೊಂದಾಣಿಕೆ. ಬೆಳಕಿನ ವೃತ್ತದ ನಡು ಭಾಗ ನೋಟದ ನಡುವಿಗೆ ಸರಿಯಾಗಿ ಬೀಳಬೇಕು, ಅದನ್ನು ವರ್ಕಿಂಗ್ ಡಿಸ್ಟೆನ್ಸ್‌ನಲ್ಲೇ ಪರೀಕ್ಷಿಸಬೇಕು. ದೂರದ ಗೋಡೆ ನೋಡಿ ಹೊಂದಿಸಿದರೆ ಬಾಯಿಯಲ್ಲಿ ತಪ್ಪುತ್ತದೆ. ಲೈಟ್ ಎರಡು ಲೆನ್ಸ್‌ಗಳ ನಡುವೆ, ದೃಷ್ಟಿರೇಖೆಗೆ ಆದಷ್ಟು ಹತ್ತಿರ ಕೂತಿರಲಿ. ಹಣೆಯ ಮೇಲ್ಗಡೆಯಿಂದ ಬಂದರೆ ಪಾಕೆಟ್‌ನ ಬಾಯಲ್ಲಿ ವಸಡಿನದೇ ನೆರಳು ಬೀಳುತ್ತದೆ.

ಮಂಜಿಗೆ: ಹೈ ವಾಲ್ಯೂಮ್ ಸಕ್ಷನ್ ತುದಿಯನ್ನು ಟಿಪ್‌ನಿಂದ ಒಂದೆರಡು ಸೆಂ.ಮೀ. ಅಂತರದಲ್ಲಿ ಹಿಡಿಸಿ. ಮೌತ್ ಮಿರರ್ ಮುಂಭಾಗಕ್ಕೆ ಲೇಪವಿರುವ ರೋಡಿಯಂ ಮಾದರಿಯೇ ಬೇಕು. ಹಿಂಭಾಗಕ್ಕೆ ಲೇಪವಿರುವ ಸಾದಾ ಕನ್ನಡಿ ಎರಡು ಬಿಂಬ ಕೊಡುತ್ತದೆ. ಬರಿಗಣ್ಣಿಗೆ ಅದು ತೊಂದರೆ ಎನಿಸದು, ಹಿಗ್ಗಿಸಿದಾಗ ಗಾರೆಯ ಅಂಚೇ ಎರಡಾಗಿ ಕಾಣುತ್ತದೆ. ಕನ್ನಡಿಯನ್ನು ಹಲ್ಲಿಗೆ ಅಂಟಿಸಿ ಹಿಡಿಯಬೇಡಿ. ದೂರ ಹಿಡಿದಷ್ಟೂ ಹನಿ ಕಡಿಮೆ ಬೀಳುತ್ತದೆ, ಬೆಳಕೂ ಚೆನ್ನಾಗಿ ತಿರುಗುತ್ತದೆ. ಮತ್ತೆ, ಅಲ್ಟ್ರಾಸೋನಿಕ್ ಓಡುವಾಗಲೇ ಎಲ್ಲವನ್ನೂ ನೋಡಬೇಕೆಂಬ ಹಟ ಬೇಡ. ಹತ್ತು ಹದಿನೈದು ಸೆಕೆಂಡ್ ಓಡಿಸಿ, ನಿಲ್ಲಿಸಿ, ತೊಳೆದು, ಒಣಗಿಸಿ ನೋಡಿ.

ವಸಡಂಚು

ಒಣಗಿಸುವ ಬಗ್ಗೆ ಒಂದು ಎಚ್ಚರಿಕೆ. ಗಾಳಿಯನ್ನು ಬೇರಿನ ತುದಿಯ ಕಡೆಗೆ, ಪಾಕೆಟ್‌ನೊಳಕ್ಕೆ ನೇರವಾಗಿ ಊದಬಾರದು. ಅಂಗಾಂಶದೊಳಗೆ ಗಾಳಿ ಹೊಕ್ಕು ಎಂಫಿಸೀಮಾ ಆಗಬಹುದು, ಕೆನ್ನೆ ಕತ್ತು ಊದಿಕೊಳ್ಳುತ್ತದೆ, ಮುಟ್ಟಿದರೆ ಚರಚರ ಎನ್ನುತ್ತದೆ. ಕಡಿಮೆ ಒತ್ತಡದಲ್ಲಿ, ಅಡ್ಡಲಾಗಿ, ಗಿಡ್ಡ ಗಿಡ್ಡ ಉಸಿರಿನಂತೆ ಬಿಡಿ. ಪ್ಯಾಪಿಲ್ಲಾ (ಹಲ್ಲುಗಳ ನಡುವಿನ ವಸಡಿನ ತುದಿ) ಮೆಲ್ಲಗೆ ಬಾಗುವಷ್ಟು ಸಾಕು. ಒಣಗಿದ ಗಾರೆ ಸುಣ್ಣದ ಹಾಗೆ ಮಂಕು ಬಿಳಿಯಾಗುತ್ತದೆ, ಒದ್ದೆ ಇದ್ದಾಗ ಹಲ್ಲಿನ ಬಣ್ಣದಲ್ಲೇ ಅಡಗಿರುತ್ತದೆ. ಬಾಯಿಯ ಮುಂಭಾಗದ ಹಲ್ಲುಗಳಾದರೆ ಹಿಂದಿನಿಂದ ಬೆಳಕು ಹಾಯಿಸಿ. ಸಂದಿಯ ಗಾರೆ ಕಪ್ಪು ನೆರಳಾಗಿ ನಿಲ್ಲುತ್ತದೆ. ಇದಕ್ಕೆ 2.5 ಪಟ್ಟು ಧಾರಾಳ ಸಾಕು.

ಲೂಪ್ಸ್‌ನಲ್ಲಿ ಹೊಸಬರು ಗಾರೆ ಎಂದು ತಪ್ಪು ತಿಳಿದು ಕೆರೆಯುವ ವಸ್ತುಗಳೂ ಇವೆ. ಎನಾಮೆಲ್ ಮತ್ತು ಸಿಮೆಂಟಮ್ (ಬೇರಿನ ಹೊರಪದರ) ಸೇರುವ ಗೆರೆ ಹಲ್ಲಿನ ಸುತ್ತ ಎಡೆಬಿಡದೆ ಸಾಗುತ್ತದೆ. ಗಾರೆ ತುಂಡು ತುಂಡು, ಮೇಲ್ಮೈಯಿಂದ ಎದ್ದು ನಿಂತಿರುತ್ತದೆ. ಬೇರಿನ ಹುಳುಕು ತಗ್ಗಾಗಿರುತ್ತದೆ, ಎಕ್ಸ್‌ಪ್ಲೋರರ್ ಅದರಲ್ಲಿ ಸಿಕ್ಕಿಕೊಂಡು ಮೆತ್ತಗೆ ಎನಿಸುತ್ತದೆ. ಕೆಳ ಮೋಲಾರ್‌ನಲ್ಲಿ ಕವಲಿನ ಕಡೆಗೆ ಚಾಚಿದ ಎನಾಮೆಲ್ ನಾಲಿಗೆ ಗಾಜಿನಂತೆ ಹೊಳೆಯುತ್ತದೆ, ಕೆರೆದರೆ ಕದಲುವುದಿಲ್ಲ. ಅದರ ಮೇಲೆ ಸಿಮೆಂಟಮ್ ಇರುವುದಿಲ್ಲವಾದ್ದರಿಂದ ಅಂಗಾಂಶ ಅಂಟುವುದಿಲ್ಲ, ಪಾಕೆಟ್ ಉಳಿಯುವುದಕ್ಕೆ ಅದೇ ಕಾರಣ ಇರಬಹುದು. ಮೇಲಿನ ಲ್ಯಾಟರಲ್ ಇನ್ಸೈಸರ್‌ನ ಅಂಗುಳಿನ ಬದಿಯ ತೋಡನ್ನೂ ನೋಡಲು ಮರೆಯಬೇಡಿ. ಒಂದೇ ಜಾಗದಲ್ಲಿ ಕಿರಿದಾಗಿ, ಆಳವಾಗಿ ಪ್ರೋಬ್ ಇಳಿದು ಅಕ್ಕಪಕ್ಕ 3 ಮಿ.ಮೀ. ಇದ್ದರೆ ಕೆರೆಯುವ ಮುಂಚೆ ಬೇರಿನ ಬಿರುಕನ್ನು ಅನುಮಾನಿಸಿ.

ಕ್ಯೂರೆಟ್ ಅಂಚು

ಮೂರು ಜಾಗಗಳ ಮಾತಿಗೆ ಬರುತ್ತೇನೆ.

ಮೇಲಿನ ಮೊದಲ ಪ್ರೀಮೋಲಾರ್‌ನ ಮೀಸಿಯಲ್ ಮೈಯಲ್ಲಿ ಕಿರೀಟದಿಂದಲೇ ಶುರುವಾಗಿ ಬೇರಿಗೆ ಇಳಿಯುವ ತಗ್ಗು ಇರುತ್ತದೆ. ಸಾಮಾನ್ಯ ಗ್ರೇಸಿಯ ಬ್ಲೇಡ್ ಉದ್ದಕ್ಕೆ ಈ ತಗ್ಗಿನ ಎರಡು ದಡಗಳ ಮೇಲೆ ಸೇತುವೆಯಂತೆ ಕೂರುತ್ತದೆ. ದಡ ನುಣುಪಾಗುತ್ತದೆ, ಹಳ್ಳದ ಗಾರೆ ಹಾಗೇ ಉಳಿಯುತ್ತದೆ. ಎಕ್ಸ್‌ಪ್ಲೋರರನ್ನೂ ಮೇಲೆ ಕೆಳಗೆ ಮಾತ್ರ ಎಳೆದರೆ ಅದೂ ದಡದ ಮೇಲೇ ಓಡಿ 'ಸ್ವಚ್ಛ' ಎನ್ನುತ್ತದೆ. ಇಲ್ಲಿ ಮಿನಿ ಫೈವ್ ಎಂಬ ಗ್ರೇಸಿ ತೆಗೆದುಕೊಳ್ಳಿ. ಆಫ್ಟರ್ ಫೈವ್ ಎಂಬ ಇನ್ನೊಂದು ಗ್ರೇಸಿಯಲ್ಲಿ ಟರ್ಮಿನಲ್ ಶ್ಯಾಂಕ್ ಸಾದಾ ಗ್ರೇಸಿಗಿಂತ 3 ಮಿ.ಮೀ. ಉದ್ದ, ಮಿನಿ ಫೈವ್‌ನಲ್ಲಿ ಶ್ಯಾಂಕ್ ಅಷ್ಟೇ ಉದ್ದ, ಬ್ಲೇಡ್ ಅರ್ಧ. ತುದಿಯ ಮೂರನೇ ಒಂದು ಭಾಗ ಮಾತ್ರ ಬೇರಿಗೆ ತಾಗಲಿ. ಕೆನ್ನೆಯ ಕಡೆಯಿಂದಲೂ ಅಂಗುಳಿನ ಕಡೆಯಿಂದಲೂ ಹೋಗಿ, ನೇರ ಎಳೆತದ ಜೊತೆ ಓರೆ ಮತ್ತು ಅಡ್ಡ ಎಳೆತ ಸೇರಿಸಿ. ಒಂದೊಂದು ಎಳೆತವೂ 2–3 ಮಿ.ಮೀ. ಮೀರಬಾರದು.

ಮೇಲಿನ ಮೋಲಾರ್‌ನಲ್ಲಿ ಡಿಸ್ಟಲ್ ಕವಲು ಹೆಚ್ಚುಕಡಿಮೆ ನಡುವಿನಲ್ಲಿದೆ, ಎರಡೂ ಕಡೆಯಿಂದ ತಲುಪಬಹುದು. ಮೀಸಿಯಲ್ ಕವಲು ಅಂಗುಳಿನ ಕಡೆಗೆ ಸರಿದಿರುತ್ತದೆ, ಕೆನ್ನೆಯ ಕಡೆಯಿಂದ ಎಷ್ಟು ಪ್ರಯತ್ನಿಸಿದರೂ ವ್ಯರ್ಥ. ನೇಬರ್ಸ್ ಪ್ರೋಬ್ (ಕವಲು ಅಳೆಯುವ ಬಾಗಿದ ಪ್ರೋಬ್) ಹಾಕದೆ ಇದನ್ನು ತೀರ್ಮಾನಿಸಬೇಡಿ.

ಕವಲಿನ ಬಾಗಿಲ ಅಳತೆ ಬಹಳ ಮುಖ್ಯ. 1979ರಲ್ಲಿ ಬವರ್ ಮೊದಲ ಮೋಲಾರ್‌ಗಳನ್ನು ಅಳೆದು ತೋರಿಸಿದ ಪ್ರಕಾರ ಶೇ. 81 ಕವಲುಗಳ ಬಾಗಿಲು 1 ಮಿ.ಮೀ.ಗಿಂತ ಕಿರಿದು, ಶೇ. 58ರಲ್ಲಿ 0.75 ಮಿ.ಮೀ.ಗಿಂತಲೂ ಕಿರಿದು. ಹೊಸ ಕ್ಯೂರೆಟ್ ಬ್ಲೇಡ್‌ನ ಅಗಲವೇ 0.75ರಿಂದ 1.10 ಮಿ.ಮೀ. ಅಲ್ಲಿಗೆ ಬ್ಲೇಡ್ ಹೋಗುವುದೇ ಇಲ್ಲ ಎಂದ ಮೇಲೆ ಎಷ್ಟು ಪಟ್ಟಿನ ಲೆನ್ಸ್ ಹಾಕಿದರೇನು? ಅರ್ಧ ಮಿ.ಮೀ. ಆಸುಪಾಸಿನ ಸಪೂರ ಅಲ್ಟ್ರಾಸೋನಿಕ್ ಟಿಪ್, ಎಡಕ್ಕೆ ಬಲಕ್ಕೆ ಬಾಗಿದ ಜೋಡಿ, ಕಡಿಮೆ ಅಥವಾ ಮಧ್ಯಮ ಪವರ್. ಟಿಪ್‌ನ ಮೊನೆ ಬೇರಿಗೆ ಚುಚ್ಚಬಾರದು, ಪಕ್ಕೆ ಬೇರಿಗೆ ಸಮಾನಾಂತರವಾಗಿ, 15 ಡಿಗ್ರಿ ಒಳಗೆ ಇರಲಿ. ಒತ್ತಡ 0.5 ನ್ಯೂಟನ್, ಅಂದರೆ 50 ಗ್ರಾಂ ತೂಕದಷ್ಟು. ಒತ್ತಿ ಹಿಡಿದರೆ ಕಂಪನ ಸಾಯುತ್ತದೆ, ಬೇರು ಗೀಚುತ್ತದೆ. ಟಿಪ್ ಎಷ್ಟು ಸವೆದಿದೆ ಎಂದು ಕಾರ್ಡ್ ಮೇಲೆ ಇಟ್ಟು ನೋಡಿ: 1 ಮಿ.ಮೀ. ಸವೆದರೆ ಸಾಮರ್ಥ್ಯ ಸುಮಾರು ಕಾಲು ಭಾಗ ಹೋಯಿತು, 2 ಮಿ.ಮೀ. ಸವೆದರೆ ಅರ್ಧ, ಎಸೆಯುವುದೇ ಸರಿ.

ಹರಿತ

ಈ ಎಳೆಯಲ್ಲಿ ಯಾರೂ ಹೇಳದ ಉಪಯೋಗ ಒಂದಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಲೂಪ್ಸನ್ನು ಬಾಯಿಗಿಂತ ಮೊದಲು ಕ್ಯೂರೆಟ್ ಕಡೆಗೆ ತಿರುಗಿಸಿ.

ಹರಿತವಾದ ಅಂಚು ಒಂದು ಗೆರೆ. ಗೆರೆಗೆ ಅಗಲವಿಲ್ಲ, ಆದ್ದರಿಂದ ಅದು ಬೆಳಕನ್ನು ಹಿಂತಿರುಗಿಸುವುದಿಲ್ಲ. ಮೊಂಡಾದ ಅಂಚು ಒಂದು ದುಂಡು ಪಟ್ಟಿ; ಬೆಳಕಿನಡಿ ತಿರುಗಿಸಿದರೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ. ಬರಿಗಣ್ಣಿಗೆ ಅರ್ಧ ಮೊಂಡಾದದ್ದು ಕಾಣುವುದಿಲ್ಲ, 3 ಪಟ್ಟಿನಲ್ಲಿ ಕಾಣುತ್ತದೆ, 10 ಪಟ್ಟಿನಲ್ಲಿ ಅಂಚಿನ ಸಣ್ಣ ಮುಕ್ಕು, ಕಲ್ಲಿನಿಂದ ಎದ್ದ ಲೋಹದ ಸಿವುರು ಕೂಡ ಕಾಣುತ್ತದೆ. ಆ ಸಿವುರಿನೊಡನೆ ಬಾಯಿಗೆ ಹೋದರೆ ಬೇರಿನ ಮೇಲೆ ಗೀರುಗಳು ಬೀಳುತ್ತವೆ.

ಹರಿತ ಮಾಡುವಾಗ ಬ್ಲೇಡ್‌ನ ಮುಖವನ್ನು ನೆಲಕ್ಕೆ ಸಮ ಮಾಡಿಕೊಳ್ಳಿ. ಗ್ರೇಸಿಯಲ್ಲಿ ಆಗ ಟರ್ಮಿನಲ್ ಶ್ಯಾಂಕ್ ಗಡಿಯಾರದ 11 ಗಂಟೆಯ ಮುಳ್ಳಿನತ್ತ ವಾಲಿರುತ್ತದೆ. ಕಲ್ಲು ಮುಖಕ್ಕೆ 100ರಿಂದ 110 ಡಿಗ್ರಿ. ಆಗ ಮುಖ ಮತ್ತು ಪಕ್ಕೆಯ ನಡುವಿನ ಒಳಕೋನ 70–80 ಉಳಿಯುತ್ತದೆ. 70ಕ್ಕಿಂತ ಕಡಿಮೆಯಾದರೆ ಅಂಚು ತೆಳುವಾಗಿ ಬೇಗ ಮೊಂಡಾಗುತ್ತದೆ, 80 ದಾಟಿದರೆ ಕಚ್ಚುವುದೇ ಇಲ್ಲ. ಬ್ಲೇಡ್‌ನ ಹಿಮ್ಮಡಿಯಿಂದ (ಶ್ಯಾಂಕ್ ಕಡೆಯಿಂದ) ತುದಿಯ ತನಕ ಮೂರು ಭಾಗವಾಗಿ ಹೋಗಿ, ಕೊನೆಯ ಎಳೆತ ಕೆಳಮುಖವಾಗಿ ಮುಗಿಸಿ. ತುದಿ ಮೊನಚಾಗಿದೆಯೋ ದುಂಡಾಗಿದೆಯೋ ಲೆನ್ಸ್‌ನಲ್ಲಿ ನೋಡಿ. ಕಲ್ಲನ್ನು ಒಂದೇ ಕಡೆ ಹೆಚ್ಚು ಒತ್ತಿದರೆ ಕ್ಯೂರೆಟ್ ಸಿಕಲ್‌ನಂತೆ (ಕುಡುಗೋಲು ಆಕಾರದ ಸ್ಕೇಲರ್) ಮೊನಚಾಗುತ್ತದೆ, ಆಮೇಲೆ ಪಾಕೆಟ್‌ನ ತಳ ಚುಚ್ಚುತ್ತದೆ.

ನುಣುಪು ಮಾಡಿಟ್ಟ ಗಾರೆಗೆ ಮೂಲ ಇಲ್ಲೇ. ಮೊಂಡು ಅಂಚು ಗಾರೆಯ ಮೇಲ್ಪದರವನ್ನು ತೆಗೆಯುತ್ತದೆ, ಉಳಿದದ್ದನ್ನು ಮೆರುಗು ಹಾಕಿದಂತೆ ತಿಕ್ಕುತ್ತದೆ. ಎಕ್ಸ್‌ಪ್ಲೋರರ್‌ಗೆ ಅದು ಸಿಗುವುದೇ ಇಲ್ಲ. ತೆರೆದ ಬೇರಿನ ಮೇಲೆ ಹಿಗ್ಗಿಸಿ ನೋಡಿದರೆ ಕಂದು ಬಣ್ಣದ, ಎಣ್ಣೆ ಸವರಿದಂಥ ಹೊಳಪಿನ ತೇಪೆಯಾಗಿ ಕಾಣುತ್ತದೆ. ತೆಗೆಯಬೇಕಾದರೆ ಹೊಸದಾಗಿ ಹರಿತ ಮಾಡಿದ ಅಂಚನ್ನು ತೇಪೆಯ ಬದಿಗೆ ಕಚ್ಚಿಸಿ, ಗಿಡ್ಡ ಬಲವಾದ ಎಳೆತ ಕೊಡಬೇಕು. ಮೇಲಿಂದ ಮೆಲ್ಲಗೆ ಸವರಿದರೆ ಇನ್ನಷ್ಟು ನುಣುಪಾಗುತ್ತದೆ ಅಷ್ಟೆ.

ಬೇರುನೋಟ

ಇದು ಹೊಳೆದಿರಲೇ ಇಲ್ಲ. ಹಾಗಾದರೆ ಪಾಕೆಟ್‌ನೊಳಗೆ ನಿಜವಾಗಿ ಕಾಣಬೇಕಾದರೆ ಎಂಡೋಸ್ಕೋಪ್ ಒಂದೇ ದಾರಿಯೇ?

ಒಳನೋಟ

ಮುಚ್ಚಿದ ಪಾಕೆಟ್‌ಗೆ ಹೌದು. ಪೆರಿಯೋಸ್ಕೋಪ್ ಎಂಬ ವಸಡಿನ ಎಂಡೋಸ್ಕೋಪ್‌ನ ಫೈಬರ್ 1 ಮಿ.ಮೀ.ಗಿಂತ ತುಸು ತೆಳು, ಪರದೆಯ ಮೇಲೆ 24ರಿಂದ 48 ಪಟ್ಟು ಹಿಗ್ಗಿದ ಚಿತ್ರ. ಫೈಬರ್ ಒಂದು ಸ್ಟೆರೈಲ್ ಕವಚದೊಳಗೆ ಇರುತ್ತದೆ. ಕವಚ ಒಬ್ಬ ರೋಗಿಗೆ ಒಂದು. ಅದರೊಳಗೇ ನೀರು ಹರಿದು ಕಿಟಕಿಯ ಮುಂದಿನ ರಕ್ತವನ್ನು ತಳ್ಳುತ್ತದೆ, ತುದಿಯ ಲೋಹದ ಗುರಾಣಿ ವಸಡನ್ನು ಬೇರಿನಿಂದ ಸರಿಸಿ ಹಿಡಿಯುತ್ತದೆ.

ಕೆಲಸದ ಕ್ರಮ ಹೀಗೆ. ಲೋಕಲ್ ಅನಸ್ತೀಸಿಯಾ ಕೊಟ್ಟು ಮೊದಲು ಅಲ್ಟ್ರಾಸೋನಿಕ್‌ನಲ್ಲಿ ದಪ್ಪ ಗಾರೆ ತೆಗೆದುಬಿಡಿ. ದಪ್ಪ ಗಾರೆ ಇರುವಾಗ ಫೈಬರ್ ಇಳಿಸಿದರೆ ಜಾಗವೂ ಸಾಲದು, ಕವಚವೂ ಹರಿಯುತ್ತದೆ. ಆಮೇಲೆ ಎಡಗೈಯಲ್ಲಿ ಎಂಡೋಸ್ಕೋಪ್, ಬಲಗೈಯಲ್ಲಿ ಸಪೂರ ಟಿಪ್ ಅಥವಾ ಕ್ಯೂರೆಟ್, ಕಣ್ಣು ಪರದೆಯ ಮೇಲೆ. ಪರದೆಯಲ್ಲಿ ಕಾಣುವುದು ಬೇರಿನ ಕೆಲವೇ ಮಿ.ಮೀ. ಅಗಲದ ತುಣುಕು. ಎನಾಮೆಲ್ ಮುಗಿಯುವ ಗೆರೆಯಿಂದ ಶುರು ಮಾಡಿ ಪಟ್ಟಿ ಪಟ್ಟಿಯಾಗಿ ಇಳಿಯದಿದ್ದರೆ ಎಲ್ಲಿದ್ದೀರಿ ಎಂಬುದೇ ತಪ್ಪಿಹೋಗುತ್ತದೆ.

ತೊಡಕುಗಳು: ಫೈಬರ್ ಕವಚದ ಕಿಟಕಿಗೆ ಪೂರ್ತಿ ಕೂತಿಲ್ಲವಾದರೆ ಚಿತ್ರ ಮಸುಕು, ಅದನ್ನು ಫೋಕಸ್ ತಿರುಗಿಸಿ ಸರಿಪಡಿಸಲು ಹೋಗಬೇಡಿ, ಬಿಚ್ಚಿ ಮತ್ತೆ ಕೂರಿಸಿ. ಪರದೆ ಪೂರ್ತಿ ಕೆಂಪಾದರೆ ಕಿಟಕಿ ವಸಡಿನ ಕಡೆ ತಿರುಗಿದೆ ಅಥವಾ ನೀರು ಕಡಿಮೆಯಾಗಿದೆ. ಕಪ್ಪು ಚುಕ್ಕಿಗಳು ಒಂದೇ ಜಾಗದಲ್ಲಿ ಕಾಯಂ ಆಗಿ ನಿಂತರೆ ಒಳಗಿನ ಫೈಬರ್ ಎಳೆಗಳು ಮುರಿದಿವೆ. ಬಿಗಿಯಾಗಿ ಸುತ್ತಿ ಇಟ್ಟರೆ ಹೀಗಾಗುತ್ತದೆ.

ಫಲಿತಾಂಶದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. 2007ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ, ಒಂಟಿ ಬೇರಿನ ಹಲ್ಲುಗಳಲ್ಲಿ ಎಂಡೋಸ್ಕೋಪ್ ಬಳಸಿದಾಗ ಉಳಿದ ಗಾರೆ ಕಡಿಮೆಯಾಯಿತು, ಆಳವಾದ ಪಾಕೆಟ್‌ಗಳಲ್ಲಿ ಇನ್ನೂ ಸ್ಪಷ್ಟವಾಗಿ. ಬಹುಬೇರಿನ ಹಲ್ಲುಗಳಲ್ಲಿ ಗಮನಾರ್ಹ ಲಾಭ ಸಿಗಲಿಲ್ಲ. ಕಂಡರೂ ಉಪಕರಣ ಅಲ್ಲಿಗೆ ತಲುಪಬೇಕಲ್ಲ; ಕ್ಯೂರೆಟ್ ಅಂಚು ಅವರು ಹೇಳಿದ ಕವಲಿನ ಬಾಗಿಲಿನ ಮಾತೇ ಇದು. ಸಮಯವಂತೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಇಡೀ ಬಾಯಿಗೆ ಮೊದಲ ಸುತ್ತಿನಲ್ಲೇ ಬಳಸುವುದಕ್ಕಿಂತ, ಮರುಪರೀಕ್ಷೆಯಲ್ಲಿ ರಕ್ತ ಬರುವ, ಒಂಟಿ ಬೇರಿನ, 5–6 ಮಿ.ಮೀ. ಜಾಗಗಳಿಗೆ ಇಟ್ಟುಕೊಳ್ಳುವುದು ವಿವೇಕ.

ಸಿಮೆಂಟಮ್ ಉಳಿಸಿ

ಎಲ್ಲರೂ 'ಇನ್ನೂ ಕಾಣಲಿ' ಎನ್ನುವಾಗ ನಾನು ಒಂದು ಅಡ್ಡ ಮಾತು ಹೇಳಲೇಬೇಕು. ಹಿಗ್ಗಿಸಿದಷ್ಟೂ ಕಲೆಗಳು ಕಾಣುತ್ತವೆ, ಪ್ರತಿ ಕಲೆಯನ್ನೂ ಕೆರೆಯಬೇಕೆನಿಸುತ್ತದೆ. ಕತ್ತಿನ ಹತ್ತಿರ ಸಿಮೆಂಟಮ್‌ನ ದಪ್ಪ 20ರಿಂದ 50 ಮೈಕ್ರಾನ್ ಮಾತ್ರ. ಕೆಲವು ಬಲವಾದ ಎಳೆತಕ್ಕೆ ಅದು ಮುಗಿದು ಒಳಗಿನ ಡೆಂಟಿನ್ ಬರುತ್ತದೆ, ರೋಗಿಗೆ ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಬ್ಯಾಕ್ಟೀರಿಯಾದ ವಿಷ (ಎಂಡೋಟಾಕ್ಸಿನ್) ಬೇರಿಗೆ ಸಡಿಲವಾಗಿ ಅಂಟಿರುತ್ತದೆ, ಅದಕ್ಕಾಗಿ ಸಿಮೆಂಟಮ್ ಕಿತ್ತುಹಾಕುವ ಅಗತ್ಯವಿಲ್ಲ ಎಂಬುದು ಬಹಳ ಹಿಂದೆಯೇ ಗೊತ್ತಾದ ವಿಷಯ. ಗಾಜಿನಂಥ ನುಣುಪು ಗುರಿಯಲ್ಲ, ಗಾರೆ ಮತ್ತು ಬಯೋಫಿಲ್ಮ್ (ಬ್ಯಾಕ್ಟೀರಿಯಾದ ಅಂಟು ಪದರ) ಹೋಗಬೇಕು, ವಸಡು ಶಾಂತವಾಗಬೇಕು.

ಬಣ್ಣ ಕಂಡ ಕೂಡಲೇ ಕೆರೆಯಬೇಡಿ. ಎಕ್ಸ್‌ಪ್ಲೋರರ್‌ಗೆ ಎದ್ದು ಸಿಗುತ್ತದೆಯೇ, ಒಣಗಿಸಿದಾಗ ಸುಣ್ಣದಂತಾಗುತ್ತದೆಯೇ, ಅಂಚು ಇದೆಯೇ? ಮೂರಕ್ಕೂ ಇಲ್ಲ ಎಂದಾದರೆ ಅದು ಬಹುತೇಕ ಬಣ್ಣ ಹಿಡಿದ ಸಿಮೆಂಟಮ್.

ಹರಿತ

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಡನೆ. ನುಣುಪು ಮಾಡಿದ ಗಾರೆಗೂ ಈ ಮೂರೂ 'ಇಲ್ಲ' ಬರಬಹುದು. ಹೊಸ ಜಾಗವಾದರೆ ನಿಮ್ಮ ನಿಯಮ ಸರಿ; ಒಮ್ಮೆ ಕೆರೆದು, ರಕ್ತ ನಿಲ್ಲದೆ ಮರಳಿದ ಜಾಗವಾದರೆ ಅನುಮಾನ ಗಾರೆಯ ಪರವಾಗಿರಲಿ.

ಸಿಮೆಂಟಮ್ ಉಳಿಸಿ

ಸರಿ, ಅದನ್ನು ಒಪ್ಪಿದೆ.

ತೆರೆದ ಬೇರು

ಮೈಕ್ರೋಸ್ಕೋಪ್ ಬಗ್ಗೆ ಕೇಳಿದ್ದರಲ್ಲ. ಫ್ಲ್ಯಾಪ್ ತೆರೆದಾಗ (ವಸಡು ಕುಯ್ದು ಎತ್ತಿದಾಗ) ಅದರ ಬೆಲೆ ಗೊತ್ತಾಗುತ್ತದೆ. ಲೆಕ್ಕ ಸುಲಭ: ಟ್ಯೂಬ್‌ನ ಫೋಕಲ್ ಉದ್ದವನ್ನು ಆಬ್ಜೆಕ್ಟಿವ್‌ನ (ಹಲ್ಲಿನ ಕಡೆಯ ಲೆನ್ಸ್) ಫೋಕಲ್ ಉದ್ದದಿಂದ ಭಾಗಿಸಿ, ಐಪೀಸ್ (ಕಣ್ಣಿನ ಕಡೆಯ ಲೆನ್ಸ್) ಮತ್ತು ಚೇಂಜರ್ (ಪಟ್ಟು ಬದಲಿಸುವ ಗುಂಡಿ) ಅಂಕಿಗಳಿಂದ ಗುಣಿಸಿ. 170 ಮಿ.ಮೀ. ಟ್ಯೂಬ್, 250 ಮಿ.ಮೀ. ಆಬ್ಜೆಕ್ಟಿವ್, 12.5 ಐಪೀಸ್ ಇದ್ದರೆ ಚೇಂಜರ್ 1ರಲ್ಲಿ 8.5 ಪಟ್ಟು, 0.4ರಲ್ಲಿ 3.4, 1.6ರಲ್ಲಿ 13.6. ಫ್ಲ್ಯಾಪ್ ಎತ್ತುವಾಗ, ಗ್ರಾನ್ಯುಲೇಶನ್ ಅಂಗಾಂಶ (ಉರಿಯೂತದ ಮೆತ್ತನೆ ಅಂಗಾಂಶ) ತೆಗೆಯುವಾಗ 3ರಿಂದ 5. ಬೇರು ಕೆರೆಯುವಾಗ 8ರ ಸುತ್ತ. ಮುಗಿದ ಮೇಲೆ ಪರಿಶೀಲನೆಗೆ ಮಾತ್ರ 13. ಇಪ್ಪತ್ತು ಪಟ್ಟಿನಲ್ಲಿ ಕೆರೆಯಲು ಹೋದರೆ ಎಳೆತದ ಅರ್ಧದಲ್ಲೇ ಬ್ಲೇಡ್ ಫೋಕಸ್‌ನಿಂದ ಆಚೆಗೆ ಹೋಗುತ್ತದೆ.

ಐಪೀಸ್ ಹೊಂದಿಸದೆ ಕೂರಬೇಡಿ. ಕಾಗದದ ಮೇಲೆ ಸಣ್ಣ ಚುಕ್ಕಿ ಇಟ್ಟು, ಎರಡೂ ಐಪೀಸ್ ಸೊನ್ನೆಯಲ್ಲಿಟ್ಟು, ಅತಿ ಹೆಚ್ಚಿನ ಪಟ್ಟಿನಲ್ಲಿ ಫೋಕಸ್ ಮಾಡಿ. ಮೈಕ್ರೋಸ್ಕೋಪ್ ಕದಲಿಸದೆ ಅತಿ ಕಡಿಮೆಗೆ ಇಳಿಸಿ, ಒಂದೊಂದೇ ಕಣ್ಣಿಗೆ ಡಯಾಪ್ಟರ್ ತಿರುಗಿಸಿ ಚುಕ್ಕಿ ಸ್ಪಷ್ಟ ಮಾಡಿ. ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಪಟ್ಟು ಬದಲಿಸಿದಾಗಲೆಲ್ಲ ಫೋಕಸ್ ತಪ್ಪುವುದಿಲ್ಲ.

ತೆರೆದ ಬೇರಿನಲ್ಲಿ ಗಾರೆ ಉಳಿಯುವ ಜಾಗಗಳು ಬಹುತೇಕ ಅವೇ: ಎನಾಮೆಲ್ ಗೆರೆಯ ಕೆಳಗಿನ ಸಣ್ಣ ತಗ್ಗು, ಲೈನ್ ಆಂಗಲ್ (ಬೇರಿನ ಎರಡು ಬದಿ ಸೇರುವ ಮೂಲೆ), ಕವಲಿನ ಚಾವಣಿ. ಕೆಳ ಮೋಲಾರ್‌ನ ಚಾವಣಿಯಲ್ಲಿ ಮೀಸಿಯಲ್‌ನಿಂದ ಡಿಸ್ಟಲ್‌ಗೆ ಒಂದು ದಿಬ್ಬ ಇರಬಹುದು, ಅದರ ಎರಡೂ ಪಕ್ಕದ ಗುಳಿಗಳಲ್ಲಿ ಗಾರೆ ಕೂತಿರುತ್ತದೆ. ಚಾವಣಿಯನ್ನು ಸಣ್ಣ ಮೈಕ್ರೋ ಮಿರರ್ ಇಲ್ಲದೆ ನೋಡಲಾಗದು. ಒಂದು ಕಿವಿಮಾತು: ಒಣಗಿಸಿ ನೋಡಿ, ಆದರೆ ಬೇರಿನ ಮೇಲ್ಮೈ ಬಹಳ ಹೊತ್ತು ಒಣಗಿಯೇ ಇರಲು ಬಿಡಬೇಡಿ, ಸಲೈನ್‌ನಿಂದ ಮತ್ತೆ ತೇವ ಮಾಡಿ.

ಪಿಜಿ ಮೊದಲ ವರ್ಷ

ಎಲ್ಲರಿಗೂ ನಮಸ್ಕಾರ. ಲೂಪ್ಸ್ ಹಾಕಿದರೆ ಕೈ ಗುರಿ ದಾಟಿ ಹೋಗುತ್ತದೆ, ಉಪಕರಣ ತುಟಿಗೆ ತಾಗುತ್ತದೆ. ಇದಕ್ಕೆ ಏನಾದರೂ ಕ್ರಮ ಇದೆಯೇ ಸರ್?

ಲೆನ್ಸ್ ಲೆಕ್ಕ

ಇದೆ. ಉಪಕರಣ ಬಾಯಿಯೊಳಗೆ ಹೋಗುವ ತನಕ ಲೆನ್ಸ್‌ನ ಮೇಲಿನಿಂದ ಬರಿಗಣ್ಣಿನಲ್ಲಿ ನೋಡಿ. ಫಿಂಗರ್ ರೆಸ್ಟ್ ಹಲ್ಲಿನ ಮೇಲೆ ಕೂತ ಬಳಿಕವೇ ಕಣ್ಣು ಲೆನ್ಸ್‌ಗೆ ಇಳಿಸಿ. ಹೊರಗೆ ತೆಗೆಯುವಾಗಲೂ ಇದೇ ಕ್ರಮ. ಮೊದಲ ವಾರ ಪರೀಕ್ಷೆ ಮತ್ತು ಚಾರ್ಟಿಂಗ್‌ಗೆ ಮಾತ್ರ ಹಾಕಿಕೊಳ್ಳಿ, ಎರಡನೇ ವಾರ ಮುಂಭಾಗದ ಹಲ್ಲುಗಳ ಸ್ಕೇಲಿಂಗ್, ಆಮೇಲೆ ಹಿಂಬದಿ. ಟೈಪೋಡಾಂಟ್ (ಅಭ್ಯಾಸದ ಕೃತಕ ದವಡೆ) ಮೇಲೆ ಕನ್ನಡಿಯಲ್ಲಿ ನೋಡುತ್ತ ಅಭ್ಯಾಸ ಮಾಡಿದರೆ ಬೇಗ ಕೂಡಿಬರುತ್ತದೆ. 20 ನಿಮಿಷಕ್ಕೊಮ್ಮೆ ದೂರದ ವಸ್ತು ನೋಡಿ ಕಣ್ಣು ಸಡಿಲಿಸಿ.

ಬೇರುನೋಟ

ತುಂಬಾ ಸ್ಪಷ್ಟವಾಯಿತು. ಮೊದಲು ಹರಿತ ಮತ್ತು ಮಿನಿ ಫೈವ್, ಕವಲಿಗೆ ಸಪೂರ ಟಿಪ್, ಲೂಪ್ಸ್ 3.5ರ ಒಳಗೆ. ಬದಲಾವಣೆಯಿಂದ ನಿಜವಾಗಿ ಲಾಭ ಆಯಿತೇ ಎಂದು ಅಳೆಯುವುದು ಹೇಗೆ?

ವಸಡಂಚು

ಬಾಯಿಯ ಸರಾಸರಿ ಆಳ ನೋಡಬೇಡಿ. 3 ಮಿ.ಮೀ. ಜಾಗಗಳೇ ಹೆಚ್ಚಿರುವುದರಿಂದ ಸರಾಸರಿ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಶುರುವಿನಲ್ಲಿ 5 ಮಿ.ಮೀ. ಅಥವಾ ಹೆಚ್ಚು ಇದ್ದ ಜಾಗಗಳನ್ನಷ್ಟೇ ಪಟ್ಟಿ ಮಾಡಿ, ಒಂಟಿ ಬೇರು, ಬಹುಬೇರು ಎಂದು ಎರಡಾಗಿಸಿ. ಪ್ರತಿ ಹಲ್ಲಿಗೆ ಆರು ಜಾಗ, ಒಂದೇ ಯುಎನ್‌ಸಿ-15 (15 ಮಿ.ಮೀ. ತನಕ ಗುರುತಿರುವ) ಪ್ರೋಬ್, ಸುಮಾರು 0.25 ನ್ಯೂಟನ್ ಒತ್ತಡ, ಸಾಧ್ಯವಾದರೆ ಕೆರೆದವರಲ್ಲದೆ ಬೇರೆಯವರು ಅಳೆಯಲಿ. ಎರಡು ಮೂರು ತಿಂಗಳ ಮೇಲೆ 4 ಮಿ.ಮೀ. ಅಥವಾ ಕಡಿಮೆ ಇದ್ದು ರಕ್ತ ಬಾರದ ಜಾಗ 'ಮುಚ್ಚಿತು' ಎಂದು ಎಣಿಸಿ. ಜೊತೆಗೆ ಪ್ಲಾಕ್ (ಹಲ್ಲಿನ ಮೆತ್ತನೆ ಕೊಳೆ) ಸ್ಕೋರ್ ಮತ್ತು ಧೂಮಪಾನವನ್ನು ಪಕ್ಕದಲ್ಲೇ ಬರೆಯಿರಿ. ರೋಗಿಯ ಪ್ಲಾಕ್ ಹೆಚ್ಚಿರುವಾಗ ರಕ್ತ ಬಂದರೆ ಅದನ್ನು ಉಳಿದ ಗಾರೆಯ ತಲೆಗೆ ಕಟ್ಟುವಂತಿಲ್ಲ.

ಎರಡನೇ ಸಲ ಕೆರೆದ ಮೇಲೂ 6 ಮಿ.ಮೀ. ಉಳಿದು ರಕ್ತ ಬರುವ ಕವಲಿನ ಜಾಗಕ್ಕೆ ಮೂರನೇ ಸಲ ಮುಚ್ಚಿಯೇ ಕೆರೆಯಬೇಡಿ. ತೆರೆದು ನೋಡಿ.

ಲೆನ್ಸ್ ಲೆಕ್ಕ

ಕೊನೆಯದಾಗಿ ಲೂಪ್ಸ್ ಒರೆಸುವ ವಿಷಯ, ಹಾಳಾಗುವುದು ಹೆಚ್ಚಾಗಿ ಅಲ್ಲೇ. ಡಿಸಿನ್ಫೆಕ್ಟೆಂಟನ್ನು ನೇರವಾಗಿ ಲೆನ್ಸ್ ಮೇಲೆ ಸ್ಪ್ರೇ ಮಾಡಬೇಡಿ, ನಲ್ಲಿಯ ಕೆಳಗೂ ಹಿಡಿಯಬೇಡಿ. ಸಂದಿಯಿಂದ ತೇವ ಒಳಗೆ ಹೋದರೆ ಒಳಗಿನಿಂದಲೇ ಮಂಜು ಹಿಡಿಯುತ್ತದೆ, ಅದನ್ನು ತಯಾರಕರೇ ಬಿಚ್ಚಬೇಕು. ಫ್ರೇಮನ್ನು ಒದ್ದೆ ವೈಪ್‌ನಿಂದ, ಲೆನ್ಸನ್ನು ತಯಾರಕರು ಹೇಳಿದ ದ್ರವ ತೇವಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಮುಂಭಾಗದ ಬಿಚ್ಚುವ ರಕ್ಷಣಾ ಗಾಜು ಗೀಚಿದ್ದರೆ ಬದಲಾಯಿಸಿ. ಪಾಲಿಶಿಂಗ್ ಪೇಸ್ಟ್‌ನ ಕಣಗಳು ಒಣ ಬಟ್ಟೆಯಲ್ಲಿ ಉಜ್ಜಿದಾಗ ಅದನ್ನೇ ಮೊದಲು ಗೀಚುತ್ತವೆ, ಆದ್ದರಿಂದ ಕಣಗಳನ್ನು ತೇವದ ಬಟ್ಟೆಯಿಂದ ಎತ್ತಿ, ಆಮೇಲೆ ಒರೆಸಿ.